ಹಳೆಯ ಡುಕಾಟಿಯ ಜೀರ್ಣೋದ್ಧಾರ

ಇಟಲಿಯ ಬೊಲೊನ್ಯಾ ನಗರದ ಡುಕಾಟಿ ಕಾರ್ಖಾನೆಯಿಂದ 1974ರಲ್ಲಿ ಸುಮಾರು 400ರಷ್ಟೇ ಹೊರಬಂದ 750 ಸೂಪರ್ ಸ್ಪೋರ್ಟ್, ಜೀರ್ಣೋದ್ಧಾರಕ್ಕೆ ಕೈಹಾಕುವವರ ಕೈಚಳಕಕ್ಕಿಂತ ಅವರ ತಾಳ್ಮೆಯನ್ನೂ ವಿವೇಕವನ್ನೂ ಹೆಚ್ಚು ಪರೀಕ್ಷಿಸುವ ಮೋಟಾರ್‌ಸೈಕಲ್. 1972ರ ಏಪ್ರಿಲ್‌ನಲ್ಲಿ ಇಮೋಲಾದಲ್ಲಿ ನಡೆದ 200 ಮೈಲಿಗಳ ಸ್ಪರ್ಧೆಯಲ್ಲಿ ಪಾಲ್ ಸ್ಮಾರ್ಟ್ ಮತ್ತು ಬ್ರೂನೊ ಸ್ಪಾಜಾರಿ ಡುಕಾಟಿಗೆ ಮೊದಲೆರಡು ಸ್ಥಾನಗಳನ್ನು ತಂದುಕೊಟ್ಟ ಮೇಲೆ, ಆ ರೇಸ್ ಗಾಡಿಯ ಮಾದರಿಯಲ್ಲೇ ಸಾಮಾನ್ಯ ಸವಾರರಿಗಾಗಿ ಇದನ್ನು ರೂಪಿಸಲಾಯಿತು.

ಇದರ ವೈಶಿಷ್ಟ್ಯವಿರುವುದು ಎಂಜಿನಿಯರ್ ಫಾಬಿಯೊ ತಾಲ್ಯೋನಿ ಡುಕಾಟಿಯಲ್ಲಿ ನೆಲೆಗೊಳಿಸಿದ ಡೆಸ್ಮೊಡ್ರೊಮಿಕ್ ವ್ಯವಸ್ಥೆಯಲ್ಲಿ. ಸಾಮಾನ್ಯ ಎಂಜಿನ್‌ನಲ್ಲಿ ವಾಲ್ವನ್ನು ಕ್ಯಾಮ್ ಎಂಬ ಉಬ್ಬುಚಕ್ರ ತೆರೆದರೆ ಸ್ಪ್ರಿಂಗ್ ಮುಚ್ಚುತ್ತದೆ. ವೇಗ ಮಿತಿಮೀರಿದಾಗ ಸ್ಪ್ರಿಂಗ್ ಹಿಂದೆ ಬೀಳುವುದರಿಂದ, ಇಲ್ಲಿ ಮುಚ್ಚುವ ಕೆಲಸವನ್ನೂ ಇನ್ನೊಂದು ಕ್ಯಾಮ್‌ಗೇ ವಹಿಸಲಾಗಿದೆ. ಹೀಗಾಗಿ ಪ್ರತಿ ವಾಲ್ವಿಗೂ ತೆರೆಯುವ ಮತ್ತು ಮುಚ್ಚುವ ಎರಡು ಸಂದುಗಳನ್ನು ಅಳೆದು, ಶಿಮ್ ಎಂಬ ಬಿಲ್ಲೆಗಳಿಂದ ಹೊಂದಿಸಬೇಕಾಗುತ್ತದೆ. ಕ್ಯಾಮ್‌ಗಳನ್ನು ತಿರುಗಿಸುವುದು ಚೈನಲ್ಲ, ತುದಿಗಳಲ್ಲಿ ಓರೆಹಲ್ಲಿನ ಗೇರುಗಳಿರುವ ಉಕ್ಕಿನ ದಂಡ. ಆ ಹಲ್ಲುಗಳ ಹೊಂದಾಣಿಕೆಗೂ ಶಿಮ್‌ಗಳೇ ಆಧಾರವಾದ್ದರಿಂದ, ಜೋಡಿಸಿ, ಅಳೆದು, ಬಿಚ್ಚಿ, ಮತ್ತೆ ಜೋಡಿಸುವ ಕೆಲಸ ಮುಗಿಯುವ ಹೊತ್ತಿಗೆ ದಿನಗಳೇ ಉರುಳುತ್ತವೆ.

ಇನ್ನೂ ಎಚ್ಚರ ಬೇಕಾದದ್ದು ಕ್ರ್ಯಾಂಕ್‌ಶಾಫ್ಟ್ ವಿಷಯದಲ್ಲಿ. ಈ ಎಂಜಿನ್‌ನ ಎಣ್ಣೆಯನ್ನು ಸೋಸಲು ಇರುವುದು ಒಂದು ಜಾಲರಿ ಮಾತ್ರ. ಅದನ್ನು ದಾಟಿಬಂದ ಕಿಟ್ಟ ಕ್ರ್ಯಾಂಕಿನ ಟೊಳ್ಳು ಪಿನ್ನಿನೊಳಗೆ ವರ್ಷಗಟ್ಟಲೆ ಮೆತ್ತಿಕೊಂಡು, ಕೊನೆಗೆ ಕನೆಕ್ಟಿಂಗ್ ರಾಡಿನ ಬೇರಿಂಗ್‌ಗೆ ಎಣ್ಣೆ ಸಾಗದಂತೆ ಮಾಡುತ್ತದೆ. ಬೇರಿಂಗ್ ಸವೆದಿದ್ದರೆ ಕ್ರ್ಯಾಂಕನ್ನೇ ಪ್ರೆಸ್‌ನಲ್ಲಿ ಬಿಡಿಸಿ, ಮರಳಿ ಕೂಡಿಸಿ, ಓರೆಕೋರೆಯಿಲ್ಲದಂತೆ ನೇರಗೊಳಿಸಬೇಕಾಗುವುದರಿಂದ, ಎಂಜಿನ್ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಚ್ಚದೆ ಬಿಡುವುದು ದುಬಾರಿ ದುಡುಕು.

ಪೆಟ್ರೋಲ್ ಟ್ಯಾಂಕ್ ಫೈಬರ್‌ಗ್ಲಾಸಿನದು. ಒಳಗಿನ ಮಟ್ಟ ಕಾಣಲೆಂದು ಅದರ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಜಾಗವನ್ನು ಬಣ್ಣ ಬಳಿಯದೆ ಬಿಡಲಾಗಿದೆ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಆ ಫೈಬರ್‌ಗ್ಲಾಸಿನ ರಾಳವನ್ನು ಮೆತ್ತಗಾಗಿಸುವುದರಿಂದ, ಮೂಲ ಟ್ಯಾಂಕನ್ನು ಎತ್ತಿಟ್ಟು ಓಡಾಟಕ್ಕೆ ಲೋಹದ ಪ್ರತಿಯನ್ನು ಬಳಸುವುದು ಲೇಸು.

ಬಣ್ಣದ ಪ್ರಶ್ನೆ ಹೆಚ್ಚು ಸೂಕ್ಷ್ಮವಾದದ್ದು. ಫೈಬರ್‌ಗ್ಲಾಸ್ ಭಾಗಗಳು ಕಾರ್ಖಾನೆಯಿಂದ ಬರುವಾಗಲೇ ಒರಟಾಗಿದ್ದವು. ಅವನ್ನು ಕನ್ನಡಿಯಂತೆ ಹೊಳೆಯಿಸಿದರೆ ಗಾಡಿ ಹಿಂದೆಂದೂ ಇಲ್ಲದಿದ್ದ ರೂಪವೊಂದನ್ನು ತಾಳುತ್ತದೆ, ಅದರ ನಿಜವಾದ ಚರಿತ್ರೆ ಅಳಿಸಿಹೋಗುತ್ತದೆ. ಒಮ್ಮೆ ಕೆರೆದು ತೆಗೆದ ಮೂಲ ಬಣ್ಣವನ್ನು ಯಾವ ಹಣದಿಂದಲೂ ಮರಳಿ ತರಲಾಗದು. ಅದೇ ಕಾಲದ, ಸ್ಪ್ರಿಂಗ್ ವಾಲ್ವಿನ 750 ಜಿಟಿ ಮತ್ತು 750 ಸ್ಪೋರ್ಟ್ ಗಾಡಿಗಳನ್ನು ಮಾರ್ಪಡಿಸಿ ಸೂಪರ್ ಸ್ಪೋರ್ಟ್ ವೇಷ ತೊಡಿಸಿದ ನಿದರ್ಶನಗಳೂ ಇರುವುದರಿಂದ ಆ ಸವೆದ ಬಣ್ಣವೂ ಸಾಕ್ಷ್ಯವೇ. ಆದ್ದರಿಂದ ಮೊದಲ ಬೋಲ್ಟ್ ಸಡಿಲಿಸುವ ಮುನ್ನವೇ ಎಂಜಿನ್ ಮತ್ತು ಚೌಕಟ್ಟಿನ ಸಂಖ್ಯೆಗಳನ್ನು ತಜ್ಞರಿಂದ ಪರಿಶೀಲನೆ ಮಾಡಿಸಿ, ಪ್ರತಿ ಭಾಗದ ಚಿತ್ರ ತೆಗೆದು, ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ಗಾಡಿಯ ಜೊತೆಯಲ್ಲೇ ಕಾಪಿಡಬೇಕು.