ನಲ್ಲಿಯಿಲ್ಲದ ಕಾಲುವೆ

ಹೀರುಕಾಗದದ ಪಟ್ಟಿಯೊಂದರ ತುದಿಯನ್ನು ಮಸಿಯಲ್ಲಿ ಅದ್ದಿ ನೋಡೋಣ. ಮಸಿ ಮೊದಲು ಸರಸರನೆ ಏರುತ್ತದೆ. ಬರಬರುತ್ತ ಅದರ ನಡೆ ಮಂದವಾಗುತ್ತದೆ. ನಾರುಗಳ ನಡುವಣ ಸೂಕ್ಷ್ಮ ರಂಧ್ರಗಳು ದ್ರವವನ್ನು ಸೆಳೆಯುವ ಈ ಕ್ರಿಯೆಗೆ ಕೇಶಾಕರ್ಷಣವೆಂದು ಹೆಸರು. ತೊಯ್ದ ಭಾಗ ಉದ್ದವಾದಷ್ಟೂ ಹರಿವಿಗೆ ತಡೆ ಹೆಚ್ಚುವುದರಿಂದ, ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಕಾಲ ಬೇಕು. 1921ರಲ್ಲಿ ಎಡ್ವರ್ಡ್ ವಾಷ್‌ಬರ್ನ್ ಎಂಬ ವಿಜ್ಞಾನಿ ಇದನ್ನು ಗಣಿತಸೂತ್ರದಲ್ಲಿ ನಿರೂಪಿಸಿದನು.

ರೋಗಪರೀಕ್ಷೆಯ ಕಾಗದಪಟ್ಟಿಗಳನ್ನು ನಡೆಸುವುದು ಈ ಸೆಳೆತವೇ. ಪಂಪು ಬೇಡ, ವಿದ್ಯುತ್ತು ಬೇಡ. ಪ್ರಯೋಗಾಲಯವಿಲ್ಲದ ಹಳ್ಳಿಯಲ್ಲಿಯೂ ಕೆಲಸ ಸಾಗುತ್ತದೆ. ಆದರೆ ಹೆಚ್ಚು ಸೂಕ್ಷ್ಮವಾದ ಪರೀಕ್ಷೆಗೆ ಸರದಿಯೊಂದು ಬೇಕು: ಮೊದಲು ರೋಗಿಯ ರಕ್ತದ್ರವ, ಬಳಿಕ ತೊಳೆಯುವ ದ್ರವ, ಕೊನೆಗೆ ಬಣ್ಣ ತೋರುವ ರಾಸಾಯನಿಕ. ಬಣ್ಣದ ದ್ರವವೇ ಮುಂದಾಗಿ ಬಂದು ಕೊಚ್ಚಿಹೋದರೆ, ರೋಗವಿದ್ದರೂ ಇಲ್ಲವೆಂದು ಪಟ್ಟಿ ಸುಳ್ಳು ನುಡಿದೀತು! ನಲ್ಲಿಯಿಲ್ಲದ ಈ ಕಾಲುವೆಯಲ್ಲಿ ದ್ರವವನ್ನು ತಡೆದು ನಿಲ್ಲಿಸುವುದು ಹೇಗೆ?

ಮೊದಲು ದಂಡೆ ಕಟ್ಟಬೇಕಷ್ಟೆ. 2007ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು ನೀರನ್ನು ಹೀರದ ಪದಾರ್ಥದಿಂದ ಕಾಗದದೊಳಗೆ ಗೋಡೆಗಳನ್ನೆಬ್ಬಿಸಿದರು. ಮುಂದೆ ಮೇಣವೇ ಸಾಕಾಯಿತು: ಅಚ್ಚೊತ್ತಿ ಕಾಯಿಸಿದರೆ ಅದು ಕರಗಿ ಕಾಗದದೊಳಕ್ಕೆ ಇಳಿಯುತ್ತದೆ.

ತಡೆಯುವ ಉಪಾಯ ಇನ್ನೂ ಸೊಗಸಾದುದು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದಾರಿಗೆ ಸಕ್ಕರೆಯ ಪಾಕವನ್ನು ಹೀರಿಸಿ ಒಣಗಿಸುತ್ತಾರೆ. ನಮ್ಮ ಅಡುಗೆಮನೆಯ ಸಕ್ಕರೆಯೇ! ದ್ರವವು ಅದನ್ನು ಕರಗಿಸಿಕೊಂಡು ಮಂದವಾಗಿ, ತೆವಳುತ್ತ ಸಾಗುತ್ತದೆ. ಸಕ್ಕರೆ ಹೆಚ್ಚಿದಂತೆ ತಡವೂ ಹೆಚ್ಚು. ಕೆಲವು ನಿಮಿಷಗಳಿಂದ ಗಂಟೆಯ ಸಮೀಪದವರೆಗೂ ತಡೆಯಬಹುದು. ಹೀಗೆ ಮೂರು ಕವಲುಗಳಲ್ಲಿ ಒಮ್ಮೆಗೇ ಹೊರಟ ದ್ರವಗಳು ಒಂದರ ಹಿಂದೊಂದು ಬಂದು ಸೇರುತ್ತವೆ. ಒಣಹವೆಯಲ್ಲಿ ಮಾತ್ರ ನೀರು ಆವಿಯಾಗಿ ಹರಿವು ನಡುದಾರಿಯಲ್ಲಿಯೇ ಸೊರಗುವುದುಂಟು. ಅದಕ್ಕಾಗಿ ಪಟ್ಟಿಯನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವರು.