ಬೆಟ್ಟ ಹತ್ತುವ ಮೊದಲು ಲೆಕ್ಕ

ಬರುವ ಏಪ್ರಿಲ್‌ನಲ್ಲಿ, ದ್ವಿತೀಯ ಪಿಯು ಪರೀಕ್ಷೆ ಮುಗಿದ ಮೇಲೆ, ನಾನು ಮತ್ತು ಭಾಯಿಜಾನ್ (ಮಾಮೂ ಅವರ ಮಗ) ನೇಪಾಳಕ್ಕೆ ಹೋಗಬೇಕೆಂದಿದ್ದೇವೆ. ಅನ್ನಪೂರ್ಣ ಬೇಸ್ ಕ್ಯಾಂಪ್‌ವರೆಗೆ ಚಾರಣ, ನಂತರ ಎರಡು ವಾರ ಸ್ವಯಂಸೇವೆ. ಇದು ನಮ್ಮ ಯೋಜನೆಯಾಗಿತ್ತು. ಅಬ್ಬಾ ಕೇಳಿದ್ದು ಒಂದೇ: "ಕಾಮರ್ಸ್ ಓದುತ್ತೀಯಲ್ಲ, ಮೊದಲು ಲೆಕ್ಕ ಬರೆದು ತೋರಿಸು." ಆ ಲೆಕ್ಕ ಬರೆಯುವಾಗ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲನೆಯದು ದಾಖಲೆ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಹಾಗಾದರೆ ಆಧಾರ್ ಕಾರ್ಡ್ ಸಾಕು ಎಂದುಕೊಂಡಿದ್ದೆ. ಅದು ತಪ್ಪು. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ನಮ್ಮಂತೆ 15ರಿಂದ 18ರ ನಡುವೆ ಇರುವವರು ಪಾಸ್‌ಪೋರ್ಟ್ ಇಲ್ಲದಿದ್ದರೆ ಪ್ರಾಂಶುಪಾಲರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪ್ರಮಾಣಪತ್ರ ಪಡೆಯಬೇಕು.

ಎರಡನೆಯದು ಹಣ. ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಈ ದರ 1993ರಿಂದ ಬದಲಾಗಿಲ್ಲ, ಆದ್ದರಿಂದ ಬಜೆಟ್ ಬರೆಯುವುದು ಸುಲಭ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿಗೆ ಸಾರ್ಕ್ ದೇಶದವರು ಕೊಡಬೇಕಾದದ್ದು 1000 ನೇಪಾಳಿ ರೂಪಾಯಿ, ಅಂದರೆ ನಮ್ಮ 625. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಪರವಾನಗಿ ಇರುವ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂಬ ನಿಯಮವಿದೆ. ಅವರ ದಿನಗೂಲಿಯನ್ನೂ ಸೇರಿಸಿದೆ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ ಎಂದು ಷರತ್ತುಗಳನ್ನು ಓದಲೇಬೇಕು.

ಮೂರನೆಯದು ದೇಹ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಅನ್ನಪೂರ್ಣ ಬೇಸ್ ಕ್ಯಾಂಪ್ 4130 ಮೀಟರ್, ಅಂದರೆ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 40% ಕಡಿಮೆ. ಗಟ್ಟಿಮುಟ್ಟಾದ ಹುಡುಗರಿಗೂ ಎತ್ತರದ ಕಾಯಿಲೆ ಬರಬಹುದು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಕರಿಕೆ ಬಂದರೆ ಮೇಲೆ ಹತ್ತಬಾರದು. ನಡಿಗೆ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ ಕೂಡಲೇ ಕೆಳಗಿಳಿಯಬೇಕು. ಹಾಗಾಗಿ ನಮ್ಮ ಪಟ್ಟಿಯಲ್ಲಿ ಎರಡು ದಿನ ಖಾಲಿ ಬಿಟ್ಟಿದ್ದೇವೆ. ಈಗ ಪ್ರತಿ ಭಾನುವಾರ ಹಳೆಯ ಪಠ್ಯಪುಸ್ತಕ ತುಂಬಿದ ಬ್ಯಾಗ್ ಹೊತ್ತು ಊರಿನ ಗುಡ್ಡ ಹತ್ತುತ್ತಿದ್ದೇವೆ.

ಕೊನೆಯದು ಸ್ವಯಂಸೇವೆ. ಲೆಕ್ಕ ತಪ್ಪಿದ್ದು ಇಲ್ಲೇ. ಒಂದು ಸಂಸ್ಥೆ ಮಕ್ಕಳ ಆಶ್ರಮದಲ್ಲಿ ಎರಡು ವಾರ ಇಂಗ್ಲಿಷ್ ಕಲಿಸುವ ಅವಕಾಶವಿದೆ ಎಂದಿತ್ತು. ಅದಕ್ಕೆ ನಾವೇ ಹಣ ಕೊಡಬೇಕು. ಭಾಯಿಜಾನ್ 5000 ರೂಪಾಯಿ ಮುಂಗಡ ಕಟ್ಟಿಬಿಟ್ಟಿದ್ದರು. ನಾನು ಮೂರು ಪ್ರಶ್ನೆ ಬರೆದು ಕಳಿಸಿದೆ. ನಮ್ಮ ಹಣದಲ್ಲಿ ಮಕ್ಕಳಿಗೆ ಎಷ್ಟು ಸೇರುತ್ತದೆ? ಮಕ್ಕಳಿಗೆ ತಂದೆತಾಯಿ ಇದ್ದಾರೆಯೇ? ನಾವು ಹೊರಟ ಮೇಲೆ ಪಾಠ ಯಾರು ಮಾಡುತ್ತಾರೆ? ಉತ್ತರವಾಗಿ ನಗುವ ಮಕ್ಕಳ ಫೋಟೊಗಳು ಬಂದವು.

ಆಮೇಲೆ ಓದಿದಾಗ ಗೊತ್ತಾಯಿತು. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಜಿಲ್ಲೆಗಳಿಂದ ಮಕ್ಕಳನ್ನು ಓದಿಸುತ್ತೇವೆಂದು ದಲ್ಲಾಳಿಗಳು ಕಾಠ್ಮಂಡುವಿಗೆ ಕರೆತಂದರು. ಅನಾಥರೆಂದು ತೋರಿಸಲಾದ ಎಷ್ಟೋ ಮಕ್ಕಳಿಗೆ ತಂದೆತಾಯಿ ಇದ್ದರು. ಹಣ ಕೊಡುವ ವಿದೇಶಿಯರು ಬಂದಷ್ಟೂ ಇಂಥ ಆಶ್ರಮಗಳಿಗೆ ಮಕ್ಕಳ ಬೇಡಿಕೆ ಹೆಚ್ಚುತ್ತದೆ. ನಾವು ಓದುವ ಬೇಡಿಕೆಯ ನಿಯಮ ಇಲ್ಲಿ ಮಕ್ಕಳ ಮೇಲೆ ನಡೆಯುತ್ತಿತ್ತು. ನಾವು ಸಂಪರ್ಕಿಸಿದ ಆಶ್ರಮ ಅಂಥದ್ದೇ ಎಂದು ನಾನು ಹೇಳಲಾರೆ. ಆದರೆ ಆ ಸಂಸ್ಥೆಯವರು ನಮ್ಮಿಂದ ನಡತೆಯ ಪ್ರಮಾಣಪತ್ರವನ್ನೂ ಕೇಳಿರಲಿಲ್ಲ. ಅಮ್ಮಿ ಹೇಳಿದರು: "ನೀವು ಯಾರೆಂದು ಕೇಳದೆ ಮಕ್ಕಳನ್ನು ನಿಮ್ಮ ಕೈಗೆ ಕೊಡುತ್ತಾರಾ?"

ಭಾಯಿಜಾನ್‌ಗೆ 5000 ಹೋಯಿತಲ್ಲ ಎಂಬ ಸಂಕಟ. ಅರ್ಥಶಾಸ್ತ್ರದಲ್ಲಿ ಇದನ್ನು ಮುಳುಗಿದ ವೆಚ್ಚ ಎನ್ನುತ್ತಾರೆ. ಮರಳಿ ಬಾರದ ಹಣವನ್ನು ನೆನೆದು ಮುಂದಿನ ತೀರ್ಮಾನ ಮಾಡಬಾರದು. ಎರಡು ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿ ಆ ಎರಡು ವಾರವನ್ನು ರದ್ದು ಮಾಡೋಣ ಎಂದರು.

ಈಗ ಚಾರಣ ಮಾತ್ರ ಉಳಿದಿದೆ. ಉಳಿದ ಹಣದಲ್ಲಿ ಮಾರ್ಗದರ್ಶಿಗೆ ಪೂರ್ತಿ ಕೂಲಿ ಕೊಟ್ಟು, ಹಳ್ಳಿಯವರು ನಡೆಸುವ ವಸತಿಗಳಲ್ಲಿ ಉಳಿದು, ಅವರ ದಾಲ್ ಭಾತ್ ಉಣ್ಣುತ್ತೇವೆ. ಕಲಿಸುವ ಆಸೆಯನ್ನೂ ಬಿಟ್ಟಿಲ್ಲ. ಮೇ ತಿಂಗಳಲ್ಲಿ ನಮ್ಮ ಮೊಹಲ್ಲಾದ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವರ ತಂದೆತಾಯಿಗೆ ನಾನು ಯಾರೆಂದು ಗೊತ್ತು. ಪಾಠ ನಿಲ್ಲಿಸಿದರೆ ಮನೆಗೇ ಬಂದು ಕೇಳುತ್ತಾರೆ.

ಲೆಕ್ಕದ ಹಾಳೆ ನೋಡಿ ಅಬ್ಬಾ ಸಹಿ ಹಾಕಿದ್ದಾರೆ. ಪ್ರಾಂಶುಪಾಲರ ಸಹಿ ಬಾಕಿ ಇದೆ.