ಜೈಲಿನ ಮಾತು ಯಾರನ್ನ ಕೇಳಬೇಕು?

ಅಮೆರಿಕದ ಬಹುತೇಕ ಕೌಂಟಿಗಳಲ್ಲಿ ಜೈಲು, ಪೊಲೀಸು ನೋಡ್ಕೊಳ್ಳೋ ಶೆರಿಫ್‌ನನ್ನ ಜನರೇ ಓಟು ಹಾಕಿ ಆರಿಸ್ತಾರೆ. ಜೈಲು ಹೇಗೆ ನಡೆಸ್ತೀಯ ಅಂತ ನೇರವಾಗಿ ಕೇಳ್ತಾರೆ. ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಅಂಥ ಚುನಾವಣೆ ಇಲ್ಲ. ಜೈಲು, ಪೊಲೀಸು ಎರಡೂ ರಾಜ್ಯ ಸರ್ಕಾರದ ಕೈಯಲ್ಲಿ. ಹಾಗಾಗಿ ಕೇಳಬೇಕಾದ್ದು ಮನೆ ಬಾಗಿಲಿಗೆ ಬರೋ ಎಂಎಲ್ಎ ಅಭ್ಯರ್ಥಿಯನ್ನೇ.

ನಸುಕಿನಲ್ಲೇ ಸಿಂಧನೂರು ಬಸ್ ಸ್ಟ್ಯಾಂಡಿಗೆ ಬಂದ ಒಬ್ಬ ತಾಯಿಯನ್ನ ನೆನೆಸ್ಕೊಳ್ಳಿ. ಕೈಚೀಲದಲ್ಲಿ ಮಗನ ಬಟ್ಟೆ, ಸೆರಗಿನ ಗಂಟಲ್ಲಿ ಒಂದಿಷ್ಟು ದುಡ್ಡು. ಮಾನ್ವಿ ದಾಟಿ ರಾಯಚೂರು ಜೈಲಿಗೆ ಹೋಗ್ಬೇಕು. ಒಂದು ದಿನದ ಕೂಲಿ ಹೋಯ್ತು. ಮಗನ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. 2022ರಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇಂಥ ವಿಚಾರಣಾಧೀನ ಕೈದಿಗಳೇ.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಮರಣದಂಡನೆ, ಜೀವಾವಧಿಯಂಥ ಪ್ರಕರಣ ಬಿಟ್ಟು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ ಬಿಡುಗಡೆಗೆ ದಾರಿಯಿದೆ. ಕೋರ್ಟಿಗೆ ಅರ್ಜಿ ಹಾಕಬೇಕಾದ್ದು ಜೈಲಿನ ಅಧೀಕ್ಷಕರು. ಆ ಅರ್ಜಿ ಹೋಗದೆ ಹೊಸ ಹುಡುಗ ಪಳಗಿದ ಕಳ್ಳರ ನಡುವೆ ವರ್ಷಗಟ್ಟಲೆ ಕೂತ್ರೆ ಊರಿಗೇ ಅಪಾಯ.

1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಸಿಕ್ತು. 26 ವರ್ಷದಲ್ಲಿ 25 ಸಲ ಕೈದಿಗಳನ್ನ ಬಿಡಿಸಿದ್ದೇನೆ ಅಂತ ಕಂಬದ ಶಾಸನದಲ್ಲಿ ಲೆಕ್ಕ ಕೊಟ್ಟವನು ಅದೇ ರಾಜ. ನಿಮ್ಮ ಅಭ್ಯರ್ಥಿಯನ್ನೂ ಲೆಕ್ಕ ಕೇಳಿ: 479ರ ಅರ್ಜಿ ನಮ್ಮ ಜಿಲ್ಲೆಯಿಂದ ಎಷ್ಟು ಹೋಗಿವೆ, ಸರ್?